ಮೂವತ್ತೊಂದನೆಯ ತಪ್ಪು

ಶನಿವಾರ ಬೆಳಿಗ್ಗೆ ಹತ್ತೂವರೆಗೆ ಎಮಿಲ್ ಕೊವಾಚಿಕ್ ಎರಡನೇ ಸಲ ಷರ್ಟು ಬದಲಾಯಿಸಿದ. ಮೊದಲು ಹಾಕಿಕೊಂಡಿದ್ದ ನೀಲಿ ಷರ್ಟಿನಲ್ಲಿ ಮದುವೆಗೆ ಹೊರಟವನ ಹಾಗೆ ಕಾಣುತ್ತೇನೆ ಅನ್ನಿಸಿತ್ತು. ಈಗಿನ ಬೂದು ಷರ್ಟಿನಲ್ಲಿ ಯಾರನ್ನೋ ಮಣ್ಣು ಮಾಡಲು ಹೊರಟವನ ಹಾಗೆ. ತಪ್ಪೊಪ್ಪಿಕೊಳ್ಳಲು ಹೋಗುವವನು ಯಾವ ಬಣ್ಣದ ಷರ್ಟು ಹಾಕಿಕೊಳ್ಳಬೇಕೆಂದು ಯೋಚಿಸುತ್ತ ನಿಂತಿದ್ದೇನಲ್ಲ ಎಂದು ತನ್ನ ಬಗ್ಗೆಯೇ ಹೇಸಿಗೆಯಾಗಿ, ಕನ್ನಡಿಯ ಮುಂದಿನಿಂದ ಸರಿದು ಮಂಚದ ಅಂಚಿನಲ್ಲಿ ಕೂತ. ಎಪ್ಪತ್ತೊಂದು ವರ್ಷದ ಮಂಡಿ ಮಡಚುವಾಗ ಕಟಕ್ಕೆಂದಿತು. ಅಡುಗೆಮನೆಯಿಂದ ಆರ್ಲೀನ್ ಕೂಗಿದಳು: "ಡೋನಟ್ ತಗೊಂಡು ಹೋಗೋದು ಮರೀಬೇಡ. ಹೋದ ವಾರ ಖಾಲಿ ಕೈಲಿ ಹೋಗಿದ್ದೆ." ಅವನು "ಹೂಂ" ಅಂದ. "ಆ ಹುಡುಗಿ ಬರ್ತಾಳಂತಲ್ಲ, ನಿನ್ನ ಜೊತೆ ಆಡ್ತಿದ್ದವನ ಮಗಳು? ಪಾಪ, ಏನಾದರೂ ಒಳ್ಳೇ ಮಾತು ಹೇಳು ಅವಳಿಗೆ." ಅವನು ಇನ್ನೊಮ್ಮೆ "ಹೂಂ" ಅಂದ. ನಲವತ್ತನಾಲ್ಕು ವರ್ಷ ಜೊತೆಗೆ ಬದುಕಿದ ಈ ಹೆಂಗಸಿಗೂ ತಾನು ಅದನ್ನು ಹೇಳಿಲ್ಲ ಎನ್ನುವುದು ಆ ಕ್ಷಣದಲ್ಲಿ ಹೊಸದಾಗಿ ಗೊತ್ತಾದ ಸಂಗತಿಯಂತೆ ಅವನನ್ನು ತಟ್ಟಿತು. ಹೇಳಬಾರದೆಂದು ಬಚ್ಚಿಟ್ಟದ್ದಲ್ಲ. ಹೇಳುವಷ್ಟು ದೊಡ್ಡದಲ್ಲ ಎಂದು ಮೊದಲ ವರ್ಷಗಳಲ್ಲಿ ಅನ್ನಿಸಿತ್ತು. ಆಮೇಲೆ, ಇಷ್ಟು ದಿನ ಹೇಳದೆ ಇದ್ದುದೇ ದೊಡ್ಡದಾಗಿ ಬೆಳೆದು ಬಾಗಿಲಿಗೆ ಅಡ್ಡ ನಿಂತಿತ್ತು.

ಹಾರ್ಲನ್ ಫೆರಿ ಊರಿನ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಜನವರಿಯಿಂದ ಪ್ರತಿ ಶನಿವಾರ ರಿವರ್‌ಮೆನ್ ಬೇಸ್‌ಬಾಲ್ ತಂಡ ರಿವರ್‌ಮೆನ್ ತಂಡದ ವಿರುದ್ಧವೇ ಆಡುತ್ತಿತ್ತು. ತಂಡ ಮುಚ್ಚಿ ಮೂವತ್ತಾರು ವರ್ಷವಾಗಿತ್ತು, ಮೈದಾನದ ಗುರುತೂ ಉಳಿದಿರಲಿಲ್ಲ. ಆದರೆ ಯೂನಿಸ್ ಟಾಲಿವರ್ ಎಂಬ ನಿವೃತ್ತ ಗಣಿತದ ಮೇಡಂ ಅದರ ಒಂದೊಂದು ವರ್ಷವನ್ನೂ ಬೇರೆ ಬೇರೆ ತಂಡವೆಂದು ಲೆಕ್ಕ ಹಾಕಿ, ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಕಾರ್ಡು ಮಾಡಿದ್ದಳು. ಆ ವರ್ಷ ಅವನು ಎಷ್ಟು ಹೊಡೆದ, ಎಷ್ಟು ಓಡಿದ, ಎಷ್ಟು ಚೆಂಡು ಕೈಬಿಟ್ಟು 'ತಪ್ಪು' ಬರೆಸಿಕೊಂಡ, ಎಲ್ಲವೂ ಅಂಕಿಯಾಗಿ ಆ ಕಾರ್ಡಿನಲ್ಲಿತ್ತು. ದಾಳ ಉರುಳಿಸಿದರೆ ಐವತ್ತೊಂದರ ತಂಡ ಎಂಬತ್ತರ ತಂಡದ ಮೇಲೆ ಆಡುತ್ತಿತ್ತು. ಸತ್ತವರು ಚೆಂಡೆಸೆಯುತ್ತಿದ್ದರು, ಆಗಿನ್ನೂ ಹುಟ್ಟದವರು ಅದನ್ನು ಹೊಡೆಯುತ್ತಿದ್ದರು. ಶುರುವಿನಲ್ಲಿದ್ದ ಹದಿನಾರು ವರ್ಷಗಳ ತಂಡಗಳಲ್ಲಿ ಸೋತವು ಹೋಗಿ ಈಗ ನಾಲ್ಕು ಉಳಿದಿದ್ದವು. ಇವತ್ತು ಎಪ್ಪತ್ತೇಳರ ತಂಡಕ್ಕೂ ಅರವತ್ತಮೂರರ ತಂಡಕ್ಕೂ ಆಟ. ಎಪ್ಪತ್ತೇಳರ ತಂಡದಲ್ಲಿ ಬದುಕಿದ್ದು, ಇದೇ ಊರಲ್ಲಿದ್ದು, ಮೆಟ್ಟಿಲಿಳಿದು ನೆಲಮಾಳಿಗೆಗೆ ಬರುವಷ್ಟು ಶಕ್ತಿ ಇದ್ದವನು ಎಮಿಲ್ ಒಬ್ಬನೇ. ಹಾಗಾಗಿ ಅವನಿಗೆ ಮುಂದಿನ ಸಾಲಿನಲ್ಲಿ ಕೈಯಿರುವ ಕುರ್ಚಿ ಹಾಕುತ್ತಿದ್ದರು.

ಕಾರಿನಲ್ಲಿ ಹೋಗುವಾಗ ಅವನು ಮಾತುಗಳನ್ನು ಗಟ್ಟಿಯಾಗಿ ಹೇಳಿಕೊಂಡ. "ಮಿಸ್ ಬರ್ಗೋಸ್, ನಿಮ್ಮ ತಂದೆ ಆ ಚೆಂಡು ಬಿಡಲಿಲ್ಲ." ಬಹಳ ನಾಟಕವಾಯಿತು. "ನಾನು ಒಂದು ಸುಳ್ಳು ಹೇಳಿದ್ದೆ." ಸುಳ್ಳು ಅನ್ನುವ ಪದ ಬಾಯಿಗೆ ಬಂದ ಕೂಡಲೆ ಅದಕ್ಕೊಂದು ವಿವರಣೆ ಕಟ್ಟಲು ಮನಸ್ಸು ತಯಾರಾಗುತ್ತಿತ್ತು: ಬೆಳಕು ಕಡಿಮೆಯಿತ್ತು, ದೀಪ ಹಾಕಿರಲಿಲ್ಲ, ನನಗೆ ಇಪ್ಪತ್ತನಾಲ್ಕು ವರ್ಷ. ಬೆಳಕು ಕಡಿಮೆಯಿದ್ದದ್ದು ನಿಜವೇ. ಚೆಂಡು ಗೋಪುರದಷ್ಟು ಎತ್ತರಕ್ಕೆ ಹೋಗಿ, ಬೂದು ಆಕಾಶದಲ್ಲಿ ಮಾಯವಾಗಿ, ಮತ್ತೆ ಕಾಣಿಸಿಕೊಂಡಾಗ ಅವನು ತಾನು ಕಾಯುತ್ತಿದ್ದ ಥರ್ಡ್ ಬೇಸಿನಿಂದ ಹಿಂದೆ ಹಿಂದೆ ಓಡುತ್ತ "ನಂದು, ನಂದು" ಎಂದು ಕೂಗಿದ್ದ. ಎರಡನೇ ಮತ್ತು ಮೂರನೇ ಬೇಸುಗಳ ನಡುವಿನ ಶಾರ್ಟ್‌ಸ್ಟಾಪ್ ಜಾಗದಿಂದ ಎಲಿಸಿಯೊ ಬರ್ಗೋಸ್ ಓಡಿ ಬರುತ್ತಿದ್ದ ಬೂಟಿನ ಸದ್ದು ಕೇಳುತ್ತಿತ್ತು. ಚೆಂಡು ಗ್ಲೌಸಿನೊಳಗೆ ಬಿತ್ತು. ಬಿದ್ದದ್ದು ಅಂಗೈಗೆ ಗೊತ್ತಾಯಿತು, ಆ ಭಾರ, ಆ ಬಿಸಿ. ಬೆರಳು ಮುಚ್ಚುವಷ್ಟರಲ್ಲಿ ಅದು ಇರಲಿಲ್ಲ. ಬರ್ಗೋಸನ ಭುಜ ಬಂದು ತಾಗಿದ್ದು ಅದಾದ ಮೇಲೆ. ರೆಪ್ಪೆ ಬಡಿಯುವಷ್ಟು ಹೊತ್ತು ಅಷ್ಟೆ, ಆದರೆ ಆಮೇಲೆ. ಇದನ್ನು ಜಗತ್ತಿನಲ್ಲಿ ಬಲ್ಲದ್ದು ಅವನ ಎಡಗೈ ಮಾತ್ರ. ಈಗ ಸ್ಟಿಯರಿಂಗ್ ಹಿಡಿದಿದ್ದ ಅದೇ ಕೈಯನ್ನು, ಚರ್ಮ ಸುಕ್ಕಾಗಿ ಕಂದು ಮಚ್ಚೆ ಎದ್ದಿದ್ದ ಕೈಯನ್ನು, ಕೆಂಪು ದೀಪದಲ್ಲಿ ನಿಂತಾಗ ನೋಡಿದ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ದೀಪ ಯಾವಾಗಲೋ ಹಸಿರಾಗಿತ್ತು.

ನೆಲಮಾಳಿಗೆಯ ಬಾಗಿಲಲ್ಲಿ ಎದೆಗೆ ಅಂಟಿಸಿಕೊಳ್ಳಲು ಹೆಸರಿನ ಚೀಟಿ ಕೊಟ್ಟರು. 'ಎಮಿಲಿ ಕೊವಾಚಿಕ್' ಎಂದು ಬರೆದಿತ್ತು. ಚೀಟಿ ಕೊಡುತ್ತಿದ್ದ ಹೆಂಗಸು ಹೊಸಬಳು. ತಿದ್ದಲು ಹೇಳೋಣವೆಂದುಕೊಂಡ, ಆದರೆ ಅವಳು ಆಗಲೇ ಹಿಂದಿನವನ ಹೆಸರು ಹುಡುಕುತ್ತಿದ್ದಳು. ಅಂಟಿಸಿಕೊಂಡು ಒಳಗೆ ಹೋದ. ಮೂವತ್ತು ಜನರಿರಬಹುದು, ಹೆಚ್ಚಿನವರು ಅವನ ವಯಸ್ಸಿನವರು, ಕಾಫಿ ಲೋಟ ಹಿಡಿದು ನಿಂತವರು. ಮಧ್ಯದ ಮೇಜಿನ ಮೇಲೆ ಹಸಿರು ಬಟ್ಟೆ, ಅದರ ಮೇಲೆ ವಜ್ರದಾಕಾರಕ್ಕೆ ಎಳೆದ ಬಿಳಿ ಗೆರೆ. ಎಪ್ಪತ್ತೇಳರ ತಂಡವನ್ನು ಆಡಿಸುತ್ತಿದ್ದವನು ಗಸ್ ಪೆಟ್ರಾಕಿಸ್. ನಲವತ್ತು ವರ್ಷ ಊರಿನ ಅರ್ಧ ಗಂಡಸರ ಕೂದಲು ಕತ್ತರಿಸಿದ ಕ್ಷೌರಿಕ.

"ಬಾರಪ್ಪಾ ಎಮಿಲಿ!" ಎಂದ ಗಸ್, ಚೀಟಿ ನೋಡಿ. "ಲಿಪ್‌ಸ್ಟಿಕ್ ಮರೆತು ಬಂದ್ಯಾ?"

"ಬಾಯ್ಮುಚ್ಚು. ನನ್ನನ್ನ ಎಷ್ಟನೇ ನಂಬರಲ್ಲಿ ಆಡಿಸ್ತಿದ್ದೀಯ?"

"ಎಂಟನೇದು. ಬೇಜಾರು ಮಾಡ್ಕೋಬೇಡ, ನಿನ್ನ ಬ್ಯಾಟಿಂಗ್ ನೋಡಿದರೆ ಅದೂ ಜಾಸ್ತಿ. ಆದರೆ ಕೈ ಮಾತ್ರ ಬಂಗಾರ ಕಣೋ ನಿಂದು. ನಿನ್ನ ಕಡೆ ಚೆಂಡು ಬಂದ್ರೆ ನಾನು ಆರಾಮಾಗಿ ಕಾಫಿ ಕುಡೀತೀನಿ."

ಎಮಿಲ್ ಡೋನಟ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಕೈ ಬಂಗಾರ. ಈ ಮಾತನ್ನು ಜನವರಿಯಿಂದ ಪ್ರತಿವಾರ ಕೇಳುತ್ತಿದ್ದ. ಯೂನಿಸ್ ಮೇಡಂ ಒಮ್ಮೆ ಅವನಿಗೆ ಲೆಕ್ಕವನ್ನು ಬಿಡಿಸಿ ಹೇಳಿದ್ದಳು, ಅವನು ಕೇಳದಿದ್ದರೂ. ಒಬ್ಬನ ಕಡೆ ಚೆಂಡು ಹೋದಾಗ ಇಪ್ಪತ್ತು ಮುಖದ ದಾಳ ಉರುಳಿಸುವುದು. ವರ್ಷದಲ್ಲಿ ಇಪ್ಪತ್ತೊಂದರಿಂದ ಮೂವತ್ತು ತಪ್ಪಿನವರೆಗೆ ಮಾಡಿದವನಿಗೆ ಒಂದು, ಎರಡು, ಮೂರು ಬಿದ್ದರೆ ತಪ್ಪು. ಮೂವತ್ತೊಂದು ಮುಟ್ಟಿದರೆ ನಾಲ್ಕು ಬಿದ್ದರೂ ತಪ್ಪು. ಬರ್ಗೋಸ್ ಆ ವರ್ಷ ಮಾಡಿದ್ದು ಸರಿಯಾಗಿ ಮೂವತ್ತೊಂದು. ಎಮಿಲ್ ಮಾಡಿದ್ದು ಒಂಬತ್ತು. ಹತ್ತಾಗಿದ್ದರೆ ಒಂದರ ಬದಲು ಎರಡು ಅಂಕಿ ಬರುತ್ತಿತ್ತು. "ಒಂದೇ ಒಂದು ಚೆಂಡು ಮನುಷ್ಯನನ್ನ ಎಲ್ಲಿಂದ ಎಲ್ಲಿಗೆ ಒಯ್ಯುತ್ತೆ ನೋಡಿ ಮಿಸ್ಟರ್ ಕೊವಾಚಿಕ್" ಎಂದು ಅವಳು ಗಣಿತದ ಸೊಗಸಿಗೆ ನಕ್ಕಿದ್ದಳು. ಅಂದಿನಿಂದ ಅವನು ಆಟ ನೋಡುತ್ತಿರಲಿಲ್ಲ, ದಾಳದಲ್ಲಿ ನಾಲ್ಕನ್ನು ಮಾತ್ರ ಕಾಯುತ್ತಿದ್ದ. ಶಾರ್ಟ್‌ಸ್ಟಾಪ್ ಕಡೆ ಚೆಂಡು ಹೋಗಿ ನಾಲ್ಕು ಬಿದ್ದಾಗಲೆಲ್ಲ ಬೀಳುತ್ತಿದ್ದದ್ದು ಅವನ ಕೈಯ ಚೆಂಡು. ಇದುವರೆಗೆ ಏಳು ಸಲ ಬಿದ್ದಿತ್ತು. ಒಂದು ಸಂಜೆ ಹೇಳಿದ ಎರಡು ಪದದ ಸುಳ್ಳು ನಲವತ್ತೇಳು ವರ್ಷದ ಮೇಲೆ, ಎಂದೂ ನಡೆಯದ ಆಟಗಳಲ್ಲಿ, ಎಂದೂ ಬಾರದ ಚೆಂಡುಗಳನ್ನು ಆ ಬಡಪಾಯಿಯ ಕೈಯಿಂದ ಬೀಳಿಸುತ್ತಿತ್ತು. ಸತ್ತ ಮೇಲೂ ಅವನನ್ನು ಬಿಟ್ಟಿರಲಿಲ್ಲ.

ಮಾರಿಸೆಲ್ ಬರ್ಗೋಸ್ ಹನ್ನೊಂದೂಕಾಲಿಗೆ ಬಂದಳು. ಲೊರೇನ್ ಎಂಬ ಊರಿನಿಂದ ಮೂರು ಗಂಟೆ ಕಾರು ಓಡಿಸಿಕೊಂಡು ಬಂದಿದ್ದಳು. ನಲವತ್ತು ದಾಟಿದ, ಗುಂಡಗಿನ, ಆಸ್ಪತ್ರೆಯಲ್ಲಿ ಕೆಲಸ ಮಾಡುವವರ ಬಿಳಿ ಬೂಟು ಹಾಕಿದ್ದ ಹೆಂಗಸು. ಅಪ್ಪನ ಮುಖವನ್ನು ಅವಳಲ್ಲಿ ಹುಡುಕಬಾರದೆಂದುಕೊಂಡಿದ್ದ ಎಮಿಲ್‌ಗೆ ಹುಡುಕುವ ಅಗತ್ಯವೇ ಬೀಳಲಿಲ್ಲ; ಆ ಹುಬ್ಬು, ಕೇಳುವಾಗ ತಲೆಯನ್ನು ಒಂದು ಕಡೆಗೆ ವಾಲಿಸುವ ರೀತಿ. ಇಪ್ಪತ್ತೊಂದು ವರ್ಷದ ಎಲಿಸಿಯೊ ಹಾಗೆಯೇ ವಾಲಿಸುತ್ತಿದ್ದ, ಭಾಷೆ ಅರ್ಥವಾಗದೆ. ಯೂನಿಸ್ ಅವಳ ಕೈಗೆ ಕಾರ್ಡು ಕೊಟ್ಟಳು. ಮಾರಿಸೆಲ್ ಅದನ್ನು ಹಿಂದೆ ಮುಂದೆ ತಿರುಗಿಸಿ, "ಇಷ್ಟೊಂದು ನಂಬರು! ಇದರಲ್ಲಿ ಪಾಪಾ ಎಲ್ಲಿದ್ದಾರೆ?" ಅಂದಳು. ಎಲ್ಲರೂ ನಕ್ಕರು. ಅವಳನ್ನು ಎಮಿಲ್ ಪಕ್ಕದಲ್ಲೇ ಕೂರಿಸಿದರು.

"ನೀವು ಮಿಸ್ಟರ್ ಕೊವಾಚಿಕ್ ಅಲ್ವಾ? ಪಾಪಾ ನಿಮ್ಮ ಹೆಸರು ಹೇಳ್ತಿದ್ರು."

"ಏನಂತ?" ಎಂದು ಕೇಳಿದ ಎಮಿಲ್. ದನಿ ತನ್ನದಲ್ಲ ಅನ್ನಿಸಿತು. ಅಷ್ಟರಲ್ಲಿ ಗಸ್ ಮೇಜು ತಟ್ಟಿ ಆಟ ಶುರುಮಾಡಿದ. ಅವಳು ಆಮೇಲೆ ಹೇಳುತ್ತೇನೆಂದು ಕೈಯಲ್ಲೇ ಸನ್ನೆ ಮಾಡಿದಳು.

ದಾಳ ಉರುಳಿತು. ಅರವತ್ತಮೂರರವರು ಒಂದು ರನ್ ಮಾಡಿದರು, ಎಪ್ಪತ್ತೇಳರವರು ಎರಡು. ಏನಂತ ಹೇಳುತ್ತಿದ್ದ? ಆ ಸಂಜೆ ಆಟ ಮುಗಿದ ಮೇಲೆ ಸ್ನಾನದ ಕೋಣೆಯಲ್ಲಿ ಬಿಸಿನೀರಿನ ಹಬೆ ತುಂಬಿತ್ತು, ಸೋತ ತಂಡದ ಮೌನ, ಯಾರೋ ಸೋಪು ಬೀಳಿಸಿ ಬೈದ ಸದ್ದು. ಎಲಿಸಿಯೊ ಮೂಲೆಯ ಬೆಂಚಿನಲ್ಲಿ ಕೂತು ಮಂಡಿಗೆ ಮಂಜುಗಡ್ಡೆ ಒತ್ತಿಕೊಂಡಿದ್ದ. ಯೂನಿಸಳ ಅಪ್ಪ, ಯಾವ ತಪ್ಪು ಯಾರ ಹೆಸರಿಗೆಂದು ತೀರ್ಮಾನಿಸಿ ಬರೆಯುವ ಅಧಿಕೃತ ಲೆಕ್ಕಿಗ ಟಾಲಿವರ್, ಹ್ಯಾಟು ಕೈಯಲ್ಲಿ ಹಿಡಿದು, ಬಹಳ ಸಭ್ಯ ಮನುಷ್ಯ, ಹತ್ತಿರ ಬಂದು ಕೇಳಿದ್ದ: "ಕೊವಾಚಿಕ್, ಮೇಲಿಂದ ನನಗೆ ಸರಿಯಾಗಿ ಕಾಣಲಿಲ್ಲ. ಯಾರ ಗ್ಲೌಸಿಗೆ ತಾಗಿ ಬಿತ್ತು?" ಆ ವಾರವಿಡೀ ದೊಡ್ಡ ತಂಡದಿಂದ ಬಂದಿದ್ದ ಒಬ್ಬ ಮನುಷ್ಯ ಮೂರನೇ ಸಾಲಿನಲ್ಲಿ ಕೂತು ಸಣ್ಣ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ, ಯಾರನ್ನು ಮೇಲಕ್ಕೆ ಕರೆದುಕೊಳ್ಳಬೇಕು, ಯಾರನ್ನು ಮನೆಗೆ ಕಳಿಸಬೇಕು ಎಂದು. ಎಮಿಲ್ ಟವೆಲ್ಲಿನಿಂದ ತಲೆ ಒರೆಸಿಕೊಳ್ಳುತ್ತಿದ್ದ. ಟವೆಲ್ಲಿನ ಒಳಗಿಂದಲೇ ಹೇಳಿದ: "ಬರ್ಗೋಸನದು, ಸರ್." ಮುಖ ಕಾಣಿಸದ ಹಾಗೆ ಹೇಳಿದ್ದೇ ಅವನಿಗೆ ಎಷ್ಟೋ ವರ್ಷ ಎಲ್ಲಕ್ಕಿಂತ ನಾಚಿಕೆಯ ಸಂಗತಿಯಾಗಿ ಉಳಿದಿತ್ತು. ನಾಳೆ ಸರಿಮಾಡೋಣ ಎಂದುಕೊಂಡಿದ್ದ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಹೋದಾಗ ಬರ್ಗೋಸನ ಬಟ್ಟೆಬರೆ ಇಡುವ ಗೂಡು ಖಾಲಿಯಾಗಿತ್ತು, ಒಳಗೆ ಒಂದು ಹರಿದ ಬೂಟಿನ ದಾರ. ಮೂವತ್ತು ತಪ್ಪು ಮಾಡಿದವನನ್ನೂ ಅವರು ಕಳಿಸುತ್ತಿದ್ದರು ಎಂದು ಎಮಿಲ್ ತನಗೆ ಹೇಳಿಕೊಂಡ. ಕಳಿಸುತ್ತಿದ್ದರೋ ಇಲ್ಲವೋ. ಅವನನ್ನೂ ಮೇಲಕ್ಕೆ ಯಾರೂ ಕರೆಯಲಿಲ್ಲ. ಇನ್ನೊಂದು ವರ್ಷ ಆಡಿಸಿ ಅವನನ್ನೂ ಬಿಟ್ಟರು. ಮೂವತ್ತೊಂದು ವರ್ಷ ಗಾಜಿನ ಕಾರ್ಖಾನೆಯಲ್ಲಿ ಬಾಟಲಿ ನೋಡುತ್ತ ನಿಂತ, ಬಿರುಕಿದ್ದದ್ದನ್ನು ತೆಗೆದು ಪಕ್ಕಕ್ಕಿಡುತ್ತ.

"ಎಮಿಲ್, ಏನೂ ಅಂದ್ಕೋಬೇಡ," ಎಂದ ಗಸ್ ಐದನೇ ಇನ್ನಿಂಗ್ಸಿನಲ್ಲಿ. "ನಿನ್ನ ಬದಲಿಗೆ ಬೇರೆಯವನನ್ನ ಬ್ಯಾಟಿಗೆ ಕಳಿಸ್ತೀನಿ. ಇಬ್ಬರು ಬೇಸ್ ಮೇಲಿದ್ದಾರೆ, ನೀನು ಹೋದ್ರೆ ಅಲ್ಲಿಗೆ ಕತೆ ಮುಗೀತು."

"ನಾನಿಲ್ಲೇ ಕೂತಿದ್ದೀನಲ್ಲೋ."

"ಅದಕ್ಕೇ ಕೇಳ್ತಿರೋದು. ಸತ್ತವರನ್ನಾದ್ರೆ ಕೇಳದೆ ಎತ್ತಿಬಿಡ್ತೀನಿ."

ಎಲ್ಲರೂ ನಕ್ಕರು, ಮಾರಿಸೆಲ್ ಕೂಡ, ಆಮೇಲೆ ಬಾಯಿಗೆ ಕೈ ಅಡ್ಡ ಹಿಡಿದಳು. ಎಮಿಲ್ ನಗುವಿನ ಹಾಗೆ ತುಟಿ ಅಗಲಿಸಿದ. ಗಸ್ ಅವನ ಕಾರ್ಡನ್ನು ಎತ್ತಿ ಮೇಜಿನ ಅಂಚಿಗೆ, ಡೋನಟ್ ಪೆಟ್ಟಿಗೆಯ ಪಕ್ಕಕ್ಕೆ, ಮಗುಚಿ ಇಟ್ಟ. ಬದಲಿಗೆ ಹೋದವನೂ ಹೊಡೆಯಲಿಲ್ಲ. ಇಬ್ಬರೂ ಬೇಸಿನಲ್ಲೇ ಉಳಿದರು. ಅದರಿಂದ ಎಮಿಲ್‌ಗೆ ಒಂದು ಕ್ಷುದ್ರವಾದ ಸಂತೋಷವಾಯಿತು, ಸಂತೋಷವಾದದ್ದಕ್ಕೆ ನಾಚಿಕೆಯಾಯಿತು, ಮೂತ್ರಕ್ಕೆ ಹೋಗಬೇಕೆನ್ನಿಸಿತು. ಎದ್ದರೆ ಧೈರ್ಯ ಹೋಗಿಬಿಡುತ್ತದೆಂದು ಎದ್ದುಹೋಗಲಿಲ್ಲ. ಆಟ ಮುಗಿಯಲಿ, ಎಲ್ಲರೂ ಹೋದ ಮೇಲೆ ಅವಳೊಬ್ಬಳಿಗೇ ಹೇಳುತ್ತೇನೆ ಎಂದುಕೊಂಡ. ಒಬ್ಬಳಿಗೇ ಹೇಳಿದರೆ ಅದೂ ಟವೆಲ್ಲಿನೊಳಗಿಂದ ಹೇಳಿದ ಹಾಗೆಯೇ ಎಂದೂ ಅನ್ನಿಸಿತು.

ಏಳನೇ ಇನ್ನಿಂಗ್ಸಿನಲ್ಲಿ ಚೆಂಡು ಶಾರ್ಟ್‌ಸ್ಟಾಪ್ ಕಡೆಗೆ ಹೋಯಿತು. ಅರವತ್ತಮೂರರ ಇಬ್ಬರು ಓಡಲು ಕಾದು ನಿಂತಿದ್ದರು. ಯೂನಿಸ್ ಮೇಡಂ ದಾಳವನ್ನು ಲೋಟದಲ್ಲಿ ಕುಲುಕಿ ಬಟ್ಟೆಯ ಮೇಲೆ ಬಿಟ್ಟಳು. ಅದು ಉರುಳಿ, ಥರ್ಡ್ ಬೇಸಿನ ಗೆರೆ ದಾಟಿ, ಎಮಿಲ್‌ನ ಎದುರಿಗೇ ಬಂದು ನಿಂತಿತು. ನಾಲ್ಕು.

"ಥತ್! ಮತ್ತೆ ಬರ್ಗೋಸ್!" ಎಂದು ಗಸ್ ಮೇಜು ಗುದ್ದಿದ. ಆಮೇಲೆ ನೆನಪಾಗಿ ಕಿವಿಯವರೆಗೂ ಕೆಂಪಾದ. "ಅಯ್ಯೋ, ಕ್ಷಮಿಸಮ್ಮಾ."

"ಪರವಾಗಿಲ್ಲ ಬಿಡಿ," ಎಂದಳು ಮಾರಿಸೆಲ್. "ಮನೇಲೂ ತಟ್ಟೆ ಬೀಳಿಸ್ತಿದ್ರು. ಅಮ್ಮ ಅವರಿಗೆ ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದಳು."

"ಅದು ಅವನದಲ್ಲ," ಎಂದ ಎಮಿಲ್.

ಅವನು ಎದ್ದು ನಿಂತಿದ್ದ. ಎದ್ದದ್ದು ತನಗೆ ಗೊತ್ತಿರಲಿಲ್ಲ. ಮೂವತ್ತು ಮುಖಗಳು ತಿರುಗಿದವು. ಕಾರಿನಲ್ಲಿ ಕಟ್ಟಿಕೊಂಡಿದ್ದ ಮಾತುಗಳಲ್ಲಿ ಒಂದೂ ಬರಲಿಲ್ಲ. ಬಂದದ್ದು ಒಡೆದೊಡೆದು, ಹಿಂದುಮುಂದಾಗಿ ಬಂತು. "ಆ ನಾಲ್ಕು ಅವನದಲ್ಲ. ಮೂವತ್ತೊಂದನೇದು ನಂದು. ಕೊನೇ ವಾರದ ಆಟ, ಎತ್ತರಕ್ಕೆ ಹೋದ ಚೆಂಡು. ನನ್ನ ಕೈಯೊಳಗೆ ಬಂದಿತ್ತು, ನಾನು ಬಿಟ್ಟೆ. ಅವನು ಬಂದು ಗುದ್ದಿದ್ದು ಆಮೇಲೆ. ಮೇಡಂ, ನಿಮ್ಮ ತಂದೆ ನನ್ನ ಕೇಳಿದ್ರು. ನಾನು ಸುಳ್ಳು ಹೇಳಿದೆ. ಮಾರನೇ ದಿನ ಅವನನ್ನ ಕಳಿಸಿಬಿಟ್ರು." ಅವನು ಮೇಜಿನ ಅಂಚಿನಲ್ಲಿ ಮಗುಚಿ ಬಿದ್ದಿದ್ದ ತನ್ನ ಕಾರ್ಡಿನತ್ತ ಕೈ ತೋರಿಸಿದ. "ಅವನ ಕಾರ್ಡು ತಿದ್ದಿ. ನಂದೂ ತಿದ್ದಿ."

ಬಿಸಿಗಾಳಿಯ ಯಂತ್ರ ಗೊರಗುಟ್ಟುತ್ತಿತ್ತು. ಹೀಗೇ ಇರುತ್ತದೆಂದು ಅವನು ಎಣಿಸಿದ್ದ ಈ ಮೌನದಲ್ಲಿ ಮುಂದೆ ಬೈಗುಳ ಬರಬೇಕಿತ್ತು, ಯಾರಾದರೂ ಎದ್ದು ಹೋಗಬೇಕಿತ್ತು, ಕೊನೆಗೆ ಆ ಹೆಂಗಸು ಮುಖ ತಿರುಗಿಸಬೇಕಿತ್ತು. ಯೂನಿಸ್ ಮೇಡಂ ಎದ್ದು, ಗೋಡೆಯ ಪಕ್ಕದ ಪೆಟ್ಟಿಗೆಯಿಂದ ಉದ್ದನೆಯ ಹಳೆಯ ಪುಸ್ತಕ ತೆಗೆದು, ಪುಟ ಹುಡುಕಿ, ಕನ್ನಡಕ ಏರಿಸಿದಳು.

"ಸೆಪ್ಟೆಂಬರ್ ಮೂರು," ಎಂದಳು. "ಇಲ್ಲಿದೆ. ತಪ್ಪು, ಶಾರ್ಟ್‌ಸ್ಟಾಪ್. ಪಕ್ಕದಲ್ಲಿ ಅಪ್ಪ ಪೆನ್ಸಿಲಿನಲ್ಲಿ ಬರೆದಿದ್ದಾರೆ: 'ಕೊವಾಚಿಕ್‌ನನ್ನು ವಿಚಾರಿಸಿದೆ.'"

"ಅದೇ. ಅದೇ ಸುಳ್ಳು ಮೇಡಂ."

"ಮಿಸ್ಟರ್ ಕೊವಾಚಿಕ್," ಎಂದಳು ಅವಳು, ಕ್ಲಾಸಿನಲ್ಲಿ ಒಳ್ಳೆಯ ಹುಡುಗ ಒಂದು ಲೆಕ್ಕ ತಪ್ಪಿದಾಗ ಹೇಳುವ ದನಿಯಲ್ಲಿ. "ಆವತ್ತು ನೀವು ಹೇಳಿದ್ದು ಆಟ ಮುಗಿದ ಒಂದು ಗಂಟೆಯೊಳಗೆ. ಇವತ್ತು ಹೇಳ್ತಿರೋದು ನಲವತ್ತೇಳು ವರ್ಷದ ಮೇಲೆ, ಸ್ನೇಹಿತನ ಮಗಳ ಎದುರಿಗೆ. ನೀವೇ ಹೇಳಿ, ಎರಡರಲ್ಲಿ ಯಾವುದನ್ನ ನಂಬಲಿ?"

"ಇವತ್ತಿಂದು."

"ಅದು ನಿಮ್ಮ ದೊಡ್ಡತನ," ಎಂದು ಅವಳು ಪುಸ್ತಕ ಮುಚ್ಚಿದಳು. "ಆದರೆ ಒಳ್ಳೇ ಮನಸ್ಸಿಗೋಸ್ಕರ ದಾಖಲೆ ತಿದ್ದೋಕಾಗಲ್ಲ. ಹಾಗೆ ಶುರು ಮಾಡಿದರೆ ಈ ಕಾರ್ಡುಗಳಿಗೆ ಏನರ್ಥ?"

ಗಸ್ ಮೇಜು ಬಳಸಿ ಬಂದು ಅವನ ಹೆಗಲು ಹಿಡಿದ. ಅವನ ಕಣ್ಣು ಒದ್ದೆಯಾಗಿತ್ತು. "ಸಾಕು ಕಣೋ. ಪಾಪ ಆ ಹುಡುಗಿಗೆ ಬೇಜಾರಾಗಬಾರದು ಅಂತ ಹೇಳ್ತಿದ್ದೀಯ, ನಮಗೆ ಗೊತ್ತಾಗಲ್ವಾ? ಇಂಥ ಮನುಷ್ಯ ಕಣ್ರೀ ಇವನು!" ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಒಬ್ಬರಿಂದ ಇಬ್ಬರಾಗಿ, ಆಮೇಲೆ ಎಲ್ಲರೂ. ಎಮಿಲ್ "ಇಲ್ಲ, ಇಲ್ಲ" ಎನ್ನುತ್ತಿದ್ದ. ಅವನ ಇಲ್ಲ ಎನ್ನುವುದನ್ನು ಅವರು ವಿನಯವೆಂದು ತಿಳಿದು ಇನ್ನೂ ಜೋರಾಗಿ ತಟ್ಟಿದರು. ಆಟದ ದಿನಗಳಲ್ಲಿ ಅವನಿಗೆ ಇಷ್ಟು ಹೊತ್ತು ಚಪ್ಪಾಳೆ ಬಿದ್ದದ್ದೇ ಇಲ್ಲ. ಆ ಗದ್ದಲದ ನಡುವೆ, ಅವನಿಗೆ ಎಂದಿಗೂ ಕ್ಷಮಿಸಿಕೊಳ್ಳಲಾಗದ ಹಾಗೆ, ಎದೆಯೊಳಗೆ ಏನೋ ಒಂದು ಚಿಕ್ಕದು ಬೆಚ್ಚಗಾಯಿತು. ಅವನು ಕೂತುಬಿಟ್ಟ.

ಮಾರಿಸೆಲ್ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಡಗೈ. "ನೀವು ಹೀಗೆ ಹೇಳಬಾರದಿತ್ತು," ಎಂದಳು ಮೆಲ್ಲಗೆ. "ಪಾಪಾ ನನಗೆಲ್ಲಾ ಹೇಳಿದ್ದಾರೆ. ಆ ಚೆಂಡು ನಿಮ್ಮದಾಗಿತ್ತಂತೆ, ನೀವು ಕೂಗಿದ್ರಂತೆ, ಇವರು ಕೇಳಿಸಿಕೊಳ್ಳದೆ ನುಗ್ಗಿ ನಿಮ್ಮನ್ನ ಬೀಳಿಸಿದ್ರಂತೆ. ನೀವು ಒಂದು ಮಾತೂ ಬೈಯಲಿಲ್ಲವಂತೆ. ಕೈ ಕೊಟ್ಟು ಎಬ್ಬಿಸಿದ್ರಂತೆ."

ಮಣ್ಣಿನಲ್ಲಿ ಬಿದ್ದಿದ್ದಾಗ ಎಲಿಸಿಯೊ ಅವನ ಮುಖ ನೋಡಿ, ತನಗೆ ಬರುತ್ತಿದ್ದ ಹತ್ತು ಪದಗಳಲ್ಲಿ ಒಂದನ್ನು ಹುಡುಕಿ, "ನಂದಾ?" ಎಂದು ಕೇಳಿದ್ದ. ನನ್ನ ತಪ್ಪಾ. ಎಮಿಲ್ "ಹೂಂ, ನಿಂದೇ" ಎಂದು ಕೈ ಚಾಚಿದ್ದ. ಟಾಲಿವರ್ ಬಂದು ಕೇಳಿದ್ದಕ್ಕೆ ಅರ್ಧ ಗಂಟೆ ಮೊದಲು. ಮೂರನೇ ಸಾಲಿನವನು ನೋಡುತ್ತಿದ್ದಾನೆ ಎನ್ನುವುದೂ ಆಗ ನೆನಪಿರಲಿಲ್ಲ. ಯಾವ ಕಾರಣವೂ ಇರಲಿಲ್ಲ, ಬಾಯಿಗೆ ಸುಮ್ಮನೆ ಬಂದಿತ್ತು. ಇದನ್ನು ಅವನು ಇಷ್ಟು ವರ್ಷ ತನಗೂ ಹೇಳಿಕೊಂಡಿರಲಿಲ್ಲ. ಸ್ನಾನದ ಕೋಣೆಯ ಸುಳ್ಳನ್ನೇ ಮುಂದೆ ಇಟ್ಟುಕೊಂಡು, ಅದರ ಹಿಂದೆ ಇದನ್ನು ಮರೆಮಾಡಿದ್ದ.

"ನಂಬು ಮಗಳೇ," ಎಂದ. "ನಾನೇ ಬಿಟ್ಟೆ."

"ಆಯ್ತು," ಎಂದಳು ಅವಳು, ಆಸ್ಪತ್ರೆಯಲ್ಲಿ ಮುದುಕರಿಗೆ ಹೇಳುವ ಹಾಗೆ. "ಆಯ್ತು ಬಿಡಿ." ಆಮೇಲೆ, "ಪಾಪಾ ಮತ್ತೆ ಯಾವತ್ತೂ ಶಾರ್ಟ್‌ಸ್ಟಾಪ್ ಆಡಲಿಲ್ಲ ಗೊತ್ತಾ? ಭಾನುವಾರ ಪಾರ್ಕಿನಲ್ಲಿ ಆಡೋರು, ದೂರದ ಮೂಲೇಲಿ ಹೋಗಿ ನಿಂತ್ಕೊಳ್ಳೋರು. ಯಾರ ಮೈಮೇಲೂ ಬೀಳಬಾರದು ಅಂತ. ನಮಗೂ ಅದನ್ನೇ ಹೇಳಿಕೊಟ್ರು. ಯಾರಾದರೂ ನಂದು ಅಂದ್ರೆ ದಾರಿ ಬಿಡು ಅಂತ. ಕಾರ್ಖಾನೇಲಿ ಮೇಸ್ತ್ರಿ ಕೆಲಸ ಬಂದಾಗ್ಲೂ ಹಂಗೇ. ಇನ್ನೊಬ್ಬ ಕೇಳಿದ, ಇವರು ಬಿಟ್ಟುಕೊಟ್ರು." ಅವಳು ನಕ್ಕಳು. "ಅಮ್ಮನಿಗೆ ಸಿಟ್ಟು ಬಂದಿತ್ತು. ಆದರೆ ಅದು ಅವರ ಒಳ್ಳೇ ಗುಣ ಅಲ್ವಾ? ಒಂದು ರೀತೀಲಿ ಇಲ್ಲೇ ಕಲಿತದ್ದು."

ಎಮಿಲ್ ತಲೆಯಾಡಿಸಿದ. ಮೇಜಿನ ಮೇಲೆ ಅರವತ್ತಮೂರರ ಇಬ್ಬರು ಕೊನೆಯ ಬೇಸ್ ಮುಟ್ಟಿ ಎರಡು ರನ್ ಗಳಿಸಿದರು. ಗಸ್ ಸೋಲುತ್ತಿದ್ದ, ಆದರೆ ಇವತ್ತು ಅವನಿಗೆ ಬೇಸರವಿದ್ದಂತೆ ಕಾಣಲಿಲ್ಲ; ಆಗಾಗ ತಲೆ ಎತ್ತಿ ಎಮಿಲ್‌ನತ್ತ ಪ್ರೀತಿಯಿಂದ ನೋಡುತ್ತಿದ್ದ. ಮುಂದಿನ ತಿಂಗಳ ಸುದ್ದಿಪತ್ರದಲ್ಲಿ ಈ ವಿಷಯ ಬರೆಯುವುದಾಗಿ ಯೂನಿಸ್ ಮೇಡಂ ಯಾರಿಗೋ ಹೇಳುತ್ತಿದ್ದಳು. ಎಂಟನೇ ಇನ್ನಿಂಗ್ಸಿನಲ್ಲಿ ಮಾರಿಸೆಲ್ ಗಡಿಯಾರ ನೋಡಿಕೊಂಡಳು; ನಾಲ್ಕಕ್ಕೆಲ್ಲ ಹೊರಡಬೇಕು, ಅದಕ್ಕೆ ಮೊದಲು ಮೈದಾನ ಇದ್ದ ಜಾಗವನ್ನು ಒಮ್ಮೆ ನೋಡಬೇಕು ಅಂದಳು. "ಅಲ್ಲೇನೂ ಇಲ್ಲ" ಎಂದ ಎಮಿಲ್. ಆದರೂ ಪರವಾಗಿಲ್ಲ ಎಂದಳು.

ಅವಳ ಕಾರಿನಲ್ಲೇ ಹೋದರು. ಮೈದಾನವಿದ್ದಲ್ಲಿ ಈಗ ಒಂದು ಔಷಧದ ಅಂಗಡಿ, ಒಂದು ಕಾರು ತೊಳೆಯುವ ಜಾಗ, ಇವೆರಡಕ್ಕೂ ಸೇರಿದ, ಕಾರು ನಿಲ್ಲಿಸುವ ದೊಡ್ಡ ಬಯಲು. ಮಾರ್ಚ್ ತಿಂಗಳ ಅರ್ಧ ಕರಗಿದ ಹಿಮ ಅಂಚುಗಳಲ್ಲಿ ಕಪ್ಪಗೆ ರಾಶಿ ಬಿದ್ದಿತ್ತು. ನದಿಯ ಕಡೆಯಿಂದ ಗಾಳಿ ಬೀಸುತ್ತಿತ್ತು. ಮಾರಿಸೆಲ್ ಕೋಟಿನ ಗುಂಡಿ ಹಾಕಿಕೊಂಡು ಸುತ್ತ ನೋಡಿದಳು. ಒಂದು ಚರ್ಚಿನಲ್ಲಿ ನಿಂತವಳ ಹಾಗೆ ಅವಳ ದನಿ ಇಳಿದಿತ್ತು.

"ಪಾಪಾ ಎಲ್ಲಿ ನಿಲ್ತಿದ್ರು?"

ಎಮಿಲ್ ಸುತ್ತ ನೋಡಿದ. ಬ್ಯಾಟ್ ಮಾಡುತ್ತಿದ್ದ ಜಾಗ ನದಿಯ ಕಡೆಗಿತ್ತೋ, ರೈಲು ಹಳಿಯ ಕಡೆಗಿತ್ತೋ. ಹಳಿಯನ್ನೂ ಕಿತ್ತಿದ್ದರು. ಸಂಜೆಯ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು ಎನ್ನುವುದು ನೆನಪಿತ್ತು, ಆದರೆ ಯಾವ ಕಣ್ಣಿಗೆ ಎನ್ನುವುದು ನೆನಪಾಗಲಿಲ್ಲ. ಕಾರು ತೊಳೆಯುವ ಜಾಗದ ಬ್ರಷ್‌ಗಳು ಗಿರ್ರನೆ ತಿರುಗಿ ನಿಂತವು. ಗೊತ್ತಿಲ್ಲ ಎಂದು ಹೇಳಬಹುದಿತ್ತು. ಮೂರು ಗಂಟೆಯ ದಾರಿ ಬಂದವಳು, ತಲೆ ಒಂದು ಕಡೆಗೆ ವಾಲಿಸಿ, ಕಾಯುತ್ತಿದ್ದಳು.

"ಅಲ್ಲಿ," ಎಂದು ಅವನು ಕೈ ತೋರಿಸಿದ. "ಆ ದೀಪದ ಕಂಬದ ಈಚೆಗೆ."

ಅವಳು ನಿಂತ ನೀರನ್ನು ದಾಟಿಕೊಂಡು, ಎರಡು ಕಾರುಗಳ ನಡುವಿನ ಖಾಲಿ ಜಾಗಕ್ಕೆ ಹೋಗಿ, ಹಳದಿ ಗೆರೆಯ ಮೇಲೆ ನಿಂತಳು. ಒಂದು ಹೆಜ್ಜೆ ಎಡಕ್ಕೆ ಸರಿದಳು. ಮಂಡಿಯ ಮೇಲೆ ಎರಡೂ ಕೈಯಿಟ್ಟು, ಆಟಗಾರರು ಬಗ್ಗುವ ಹಾಗೆ ಸ್ವಲ್ಪ ಬಗ್ಗಿದಳು, ಆಮೇಲೆ ಯಾರಾದರೂ ನೋಡುತ್ತಿದ್ದಾರೆಯೇ ಎಂದು ನಾಚಿ ನಕ್ಕಳು.

"ಇಲ್ಲೇನಾ?" ಎಂದು ಅಲ್ಲಿಂದಲೇ ಕೂಗಿದಳು. "ಸರಿಯಾಗಿ ಇಲ್ಲೇನಾ?"

"ಹೂಂ," ಎಂದ ಎಮಿಲ್, ಗಾಳಿಯಲ್ಲಿ ಕೇಳಲೆಂದು ದನಿ ಎತ್ತರಿಸಿ. "ಅಲ್ಲೇ."